ಕಾಲಿಗೆ ಮುಳ್ಳು ಕಟ್ಟಿ ಮರ ಹತ್ತೋದು: ಯಾವ ಮರಕ್ಕೆ ಸರಿ, ಯಾವ ಮರಕ್ಕೆ ಬೇಡ, ಕಲಿಯೋದು ಹೇಗೆ?

ಕೆಂಪಾಪುರ: ಬೇಸಿಗೆ ಮಳೆ ಶುರುವಾಯ್ತು ಅಂದ್ರೆ ಕೆಂಪಾಪುರ, ಅಮೃತಹಳ್ಳಿ, ದಾಸರಹಳ್ಳಿ, ಜಕ್ಕೂರು ಕಡೆ ಎಲ್ಲರದ್ದೂ ಒಂದೇ ಪ್ರಶ್ನೆ. ಮರ ಹತ್ತೋರು ಯಾರಾದ್ರೂ ಇದ್ದಾರಾ? ಅಂಗಡಿ ಬೋರ್ಡಿಗೆ ಕೊಂಬೆ ಅಡ್ಡ ಬಂದಿರುತ್ತೆ, ಮನೆ ಹಿಂದಿನ ಸಿಲ್ವರ್ ಓಕ್ ಒಂದು ಕಡೆ ವಾಲಿರುತ್ತೆ, ತೆಂಗಿನ ಒಣಗರಿ ಪಕ್ಕದವರ ಕಾರಿನ ಮೇಲೆ ಬಿದ್ದು ಜಗಳ ಆಗಿರುತ್ತೆ. ಹಾಗಾಗಿ ಯಾರೋ ಒಬ್ಬರನ್ನ ಕರೆಸ್ತಾರೆ. ಅವರು ಬರಿಗಾಲಲ್ಲಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ಹತ್ತುತ್ತಾರೆ. ಕೂಲಿ ಮಾತಾಡೋದು ಬಿಟ್ಟರೆ ಬೇರೆ ಯಾವ ವಿಚಾರಣೆಯೂ ನಡೆಯೋದಿಲ್ಲ.

ಇದು ಸಣ್ಣ ವಿಷಯ ಅಲ್ಲ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆ ಸುರಿದು, 1891ರಲ್ಲಿ ದಾಖಲಾಗಿದ್ದ ಜೂನ್ ತಿಂಗಳ ಹಳೇ ದಾಖಲೆ ಮುರಿಯಿತು. ನಗರದಲ್ಲಿ ನೂರಾರು ಕಡೆ ಮರ, ಕೊಂಬೆ ಉರುಳಿದವು. ಅಂಥ ಮಳೆ ಆದ ಮೇಲೆ ಮರ ಹತ್ತುವವರಿಗೆ ಎಲ್ಲ ಬೀದಿಯಿಂದಲೂ ಕರೆ ಬರುತ್ತೆ. ಕೆಲಸ ಗೊತ್ತಿಲ್ಲದವರೂ ದುಡ್ಡಿನ ಆಸೆಗೆ ಮರ ಹತ್ತಿಬಿಡುತ್ತಾರೆ.

ಈಚೆಗೆ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಕಾಲಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳು ಈಗ ಆನ್‌ಲೈನ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತೆ. ವಿಡಿಯೊದಲ್ಲಿ ನೋಡಿದರೆ ಮೆಟ್ಟಿಲು ಹತ್ತಿದಷ್ಟೇ ಸುಲಭ ಅನ್ನಿಸುತ್ತೆ. ಆದರೆ ಮುಳ್ಳು ಮೇಲಕ್ಕೆ ಹತ್ತಿಸುತ್ತದೆಯೇ ಹೊರತು ಬೀಳದಂತೆ ಹಿಡಿದುಕೊಳ್ಳೋದಿಲ್ಲ. ಹಿಡಿದುಕೊಳ್ಳೋದು ಬೆಲ್ಟು ಮತ್ತು ಹಗ್ಗ. ಈ ವ್ಯತ್ಯಾಸ ಗೊತ್ತಿಲ್ಲದೆ ಮುಳ್ಳು ಮಾತ್ರ ತರಿಸಿಕೊಂಡು ಹತ್ತುವವರಿಗೆ ಬರಿಗಾಲಲ್ಲಿ ಹತ್ತುವವರಿಗಿಂತ ಅಪಾಯ ಜಾಸ್ತಿ. ಯಾಕಂದ್ರೆ ಅಭ್ಯಾಸ ಇಲ್ಲದೆಯೂ ಅವರು ಬೇಗ ಎತ್ತರಕ್ಕೆ ಹೋಗಿಬಿಡುತ್ತಾರೆ.

ಏನಿದು ಸ್ಪರ್?

ಇಂಗ್ಲಿಷಿನಲ್ಲಿ ಸ್ಪರ್ ಅಥವಾ ಸ್ಪೈಕ್ ಅಂತಾರೆ. ಅಮೆರಿಕ, ಕೆನಡಾ ಕಡೆ ಕಾಡಿನಲ್ಲಿ ಮರ ಕಡಿಯುವವರು ಮತ್ತು ಮರದ ಕಂಬ ಹತ್ತಿ ತಂತಿ ಎಳೆಯುವವರು ಬಳಸುತ್ತಾ ಬಂದ ಸಾಮಾನು ಇದು. ಮೀನಖಂಡದ ಒಳಬದಿಗೆ ಒಂದು ಉಕ್ಕಿನ ಅಥವಾ ಅಲ್ಯೂಮಿನಿಯಂ ಪಟ್ಟಿ ಬರುತ್ತೆ. ಅದರ ಕೆಳತುದಿ ಬಾಗಿ ಬೂಟಿನ ಅಡಿಗೆ ಹೋಗುತ್ತೆ, ಹಿಮ್ಮಡಿಯ ಮುಂದಿನ ತಗ್ಗಿನಲ್ಲಿ ಕೂರುತ್ತೆ. ಪಾದದ ಒಳಬದಿಯಲ್ಲಿ ಕೆಳಮುಖವಾಗಿ ಚೂಪಾದ ಮುಳ್ಳು ಇರುತ್ತೆ. ಮೊಣಕಾಲಿನ ಕೆಳಗೊಂದು, ಕಣಕಾಲಿಗೊಂದು ಪಟ್ಟಿ ಕಟ್ಟಿಕೊಳ್ಳಬೇಕು.

ಮುಳ್ಳಿನಲ್ಲಿ ಎರಡು ಅಳತೆ ಇದೆ. ಸುಮಾರು ಒಂದೂವರೆ ಇಂಚಿನ ಗಿಡ್ಡ ಮುಳ್ಳು ಮರದ ಕಂಬಕ್ಕೆ ಮತ್ತು ತೆಳು ತೊಗಟೆಯ ಮರಕ್ಕೆ ಆಗುತ್ತೆ. ಎರಡು ಮುಕ್ಕಾಲು ಇಂಚಿನ ಆಸುಪಾಸಿನ ಉದ್ದ ಮುಳ್ಳು ದಪ್ಪ ತೊಗಟೆಯ ಮರಕ್ಕೆ. ತೊಗಟೆ ದಪ್ಪ ಇರುವ ಮರಕ್ಕೆ ಗಿಡ್ಡ ಮುಳ್ಳು ಹಾಕಿಕೊಂಡು ಹೋದರೆ ಅದು ಒಳಗಿನ ಗಟ್ಟಿ ಕಟ್ಟಿಗೆಯನ್ನ ಮುಟ್ಟೋದೇ ಇಲ್ಲ. ತೊಗಟೆ ಕಿತ್ತು ಬಂದರೆ ಮನುಷ್ಯನೂ ಅದರ ಜೊತೆಗೆ ಜಾರುತ್ತಾನೆ.

ಮೊದಲ ಪ್ರಶ್ನೆ: ಆ ಮರ ಉಳೀಬೇಕಾ, ಹೋಗಬೇಕಾ?

ಸ್ಪರ್ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ್ದು ಇದನ್ನೇ. ಬುಡಸಮೇತ ತೆಗೆಯುವ ಮರ ಆದರೆ ಸ್ಪರ್ ಬಳಸಬಹುದು. ಬರೀ ಕೊಂಬೆ ಸವರಿಸಿ ಮರ ಉಳಿಸಿಕೊಳ್ಳಬೇಕು ಅಂದ್ರೆ ಸ್ಪರ್ ಬೇಡ. ಮರದ ಆರೈಕೆ ಬಗ್ಗೆ ಅಮೆರಿಕದಲ್ಲಿ ಇರುವ ಎ300 ಅನ್ನೋ ಮಾನದಂಡ ಕೂಡ ಇದನ್ನೇ ಹೇಳುತ್ತೆ. ಮೇಲೆ ಸಿಕ್ಕಿಕೊಂಡವರನ್ನ ಇಳಿಸುವಂಥ ತುರ್ತು ಸಂದರ್ಭ ಬಿಟ್ಟರೆ ಜೀವಂತ ಮರದ ಕೊಂಬೆ ಕತ್ತರಿಸಲು ಸ್ಪರ್ ಹಾಕಿ ಹತ್ತುವ ಹಾಗಿಲ್ಲ.

ಕಾರಣ ಸರಳ. ಹೊಂಗೆ, ಮಾವು, ಬೇವು, ಮಳೆಮರದಂಥ ಮರಗಳಲ್ಲಿ ತೊಗಟೆಯ ಕೆಳಗೇ ಒಂದು ತೆಳು ಪದರ ಇದೆ. ಮರ ದಪ್ಪ ಆಗೋದು, ಗಾಯ ಮಾಯಿಸಿಕೊಳ್ಳೋದು ಆ ಪದರದಿಂದಲೇ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದೂ ತೊಗಟೆಯ ಒಳಭಾಗದಲ್ಲಿ. ಒಂದು ಸಲ ಹತ್ತಿ ಇಳಿಯುವಷ್ಟರಲ್ಲಿ ಸ್ಪರ್ ಅಲ್ಲಿ ಹತ್ತಾರು ತೂತು ಮಾಡಿರುತ್ತೆ. ಆ ತೂತುಗಳಿಂದ ಶಿಲೀಂಧ್ರ, ಹುಳು ಒಳಗೆ ಹೋಗುತ್ತವೆ. ರೋಗ ಇರುವ ಮರಕ್ಕೆ ಹಾಕಿದ ಮುಳ್ಳನ್ನೇ ಇನ್ನೊಂದು ಮರಕ್ಕೆ ಹಾಕಿದರೆ ರೋಗ ಅಲ್ಲಿಗೂ ಹೋಗಬಹುದು. ನಾಲ್ಕೈದು ವರ್ಷ ಹೀಗೇ ಮಾಡಿಸುತ್ತಾ ಬಂದರೆ ಕಾಂಡ ಕೊಳೆಯುತ್ತೆ, ಗಾಳಿ ಬಂದಾಗ ಅಂಗಡಿ ಮೇಲೆ ಬೀಳೋದು ಅದೇ ಮರ.

ತೆಂಗಿಗಂತೂ ಬೇಡವೇ ಬೇಡ

ತೆಂಗು, ಅಡಿಕೆ, ಈಚಲು ಮರಗಳ ಕಾಂಡದಲ್ಲಿ ಗಾಯ ಮಾಯಿಸುವ ಆ ಪದರವೇ ಇಲ್ಲ. ತೆಂಗಿನ ಕಾಂಡಕ್ಕೆ ಒಂದು ಸಲ ತೂತು ಬಿದ್ದರೆ ಮರ ಇರುವಷ್ಟು ದಿನ ಅದು ಹಾಗೇ ಇರುತ್ತೆ. ಹಳೇ ತೋಟಗಳಲ್ಲಿ ಹತ್ತಲಿಕ್ಕೆ ಅಂತ ಮಚ್ಚಿನಲ್ಲಿ ಕೊರೆದ ಮೆಟ್ಟಿಲು ಇಪ್ಪತ್ತು ವರ್ಷ ಆದರೂ ಮುಚ್ಚಿಕೊಂಡಿರೋದಿಲ್ಲ, ನೋಡಿದವರಿಗೆ ಗೊತ್ತಿರುತ್ತೆ.

ಇದರ ಜೊತೆಗೆ ಕೆಂಪು ಮೂತಿ ಹುಳುವಿನ ಕಾಟ ಇದೆ. ಗಾಯದಿಂದ ಬರುವ ವಾಸನೆ ಹಿಡಿದು ಬಂದು ಆ ಹುಳು ಮೊಟ್ಟೆ ಇಡುತ್ತೆ. ಮರಿಗಳು ಕಾಂಡದ ಒಳಗೇ ತಿನ್ನುತ್ತಾ ಹೋಗುತ್ತವೆ. ಹೊರಗೆ ಗೊತ್ತಾಗುವ ಹೊತ್ತಿಗೆ ಬಹಳ ಸಲ ಮರ ಕೈ ತಪ್ಪಿರುತ್ತೆ. ಕಾಂಡದಿಂದ ಕೆಂಗಂದು ರಸ ಸೋರುವ ರೋಗಕ್ಕೂ ಗಾಯ ದಾರಿ ಮಾಡಿಕೊಡುತ್ತೆ. ಹಾಗಾಗಿ ಕಾಯಿ ಕೀಳಲು ಸ್ಪರ್ ಕಟ್ಟಿಕೊಂಡು ಬಂದವರನ್ನ ಮನೆಯವರು ವಾಪಸ್ ಕಳಿಸೋದೇ ಸರಿ. ಕಡಿದು ತೆಗೆಯುವ ತೆಂಗಿಗೆ ಬಳಸಿದರೆ ಮರಕ್ಕೆ ನಷ್ಟ ಇಲ್ಲ.

ತೆಂಗಿಗೆ ಬೇರೆ ದಾರಿ ಇದೆ. ಕಾಲಿಗೆ ಹಗ್ಗದ ಕುಣಿಕೆ ಹಾಕಿ ಹತ್ತುವ ಹಳೇ ಪದ್ಧತಿ ಒಂದು. ಎರಡು ಉಕ್ಕಿನ ಚೌಕಟ್ಟನ್ನ ಒಂದರ ಮೇಲೊಂದು ಸರಿಸುತ್ತಾ ಹತ್ತುವ ಯಂತ್ರ ಇನ್ನೊಂದು. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬ ರೈತರು ರೂಪಿಸಿದ ಮಾದರಿ ನಮ್ಮ ರಾಜ್ಯದಲ್ಲೂ ಬಳಕೆಯಲ್ಲಿದೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ ಅಡಿಕೆ ಮರ ಹತ್ತಲು ಪೆಟ್ರೋಲ್ ಎಂಜಿನ್ ಇರುವ ‘ಬೈಕ್’ ಮಾಡಿ ಹೆಸರಾಗಿದ್ದಾರೆ. ಕೊಂಬೆ ಇಲ್ಲದ ನೆಟ್ಟಗಿನ ಮರಕ್ಕಷ್ಟೇ ಇವು ಹೊಂದುತ್ತವೆ. ಗುಲ್ಮೊಹರ್‌ಗೋ ಮಳೆಮರಕ್ಕೋ ಆಗೋದಿಲ್ಲ.

ಬೀಳೋದು ಹೇಗೆ?

ಎತ್ತರದ ಲೆಕ್ಕ ಮೊದಲು ನೋಡಿ. 10 ಅಡಿಯಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿ.ಮೀ. ಇರುತ್ತೆ. 20 ಅಡಿಗೆ ಸುಮಾರು 39, 30 ಅಡಿಗೆ 48 ಕಿ.ಮೀ. ಎರಡನೇ ಮಹಡಿ ಎತ್ತರದ ಮರದಿಂದ ಬೀಳೋದೂ, ಬಳ್ಳಾರಿ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ ಗೋಡೆಗೆ ಗುದ್ದೋದೂ ದೇಹಕ್ಕೆ ಒಂದೇ.

ಸ್ಪರ್ ಹಾಕಿದವರು ಸಾಮಾನ್ಯವಾಗಿ ಬೀಳೋದು ಮುಳ್ಳು ಕಿತ್ತು ಬಂದಾಗ. ಮುಳ್ಳು ಮೊಂಡಾಗಿದ್ದರೆ, ತೊಗಟೆ ಸಡಿಲ ಇದ್ದರೆ, ಮೊಣಕಾಲು ಮರಕ್ಕೆ ತಾಗುವಷ್ಟು ಹತ್ತಿರ ಬಂದರೆ ಹೀಗಾಗುತ್ತೆ. ಕೈಯಲ್ಲಿ ಮರ ತಬ್ಬಿಕೊಂಡು ಹತ್ತುವುದು ಎಲ್ಲರಿಗೂ ಸಹಜವಾಗಿ ಬರುವ ಅಭ್ಯಾಸ. ಆದರೆ ತಬ್ಬಿಕೊಂಡಾಗ ಮೊಣಕಾಲು ಒಳಗೆ ಬರುತ್ತೆ, ಮುಳ್ಳಿನ ಕೋನ ಬದಲಾಗುತ್ತೆ, ಮುಳ್ಳು ಮರವನ್ನ ಚುಚ್ಚೋದು ಬಿಟ್ಟು ಕೆರೆಯೋಕೆ ಶುರು ಮಾಡುತ್ತೆ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಮರವನ್ನ ಸುತ್ತಿ ಸೊಂಟದ ಬೆಲ್ಟಿಗೆ ಸಿಕ್ಕಿಸುವ ಹಗ್ಗ, ಅಂದರೆ ಸುತ್ತುಹಗ್ಗ, ಒಂದೇ ಇದ್ದರೆ ಸಾಲದು. ಕೊಂಬೆ ಇಲ್ಲದ ನುಣುಪು ಕಾಂಡದಲ್ಲಿ ಮುಳ್ಳು ಕಿತ್ತು ಬಂದರೆ ಆ ಹಗ್ಗವೂ ಮನುಷ್ಯನ ಜೊತೆಗೆ ಕೆಳಗೆ ಜಾರುತ್ತೆ. ಎದೆ, ಗಲ್ಲ, ಕೈ ಎಲ್ಲ ತೊಗಟೆಗೆ ಉಜ್ಜಿಕೊಂಡು ಬುಡದ ತನಕ ಬರೋದೇ. ಅದಕ್ಕೇ ಎರಡನೇ ಹಗ್ಗ ಬೇಕು. ಭಾರ ಬಿದ್ದ ಕೂಡಲೇ ಕಾಂಡವನ್ನ ಬಿಗಿಯಾಗಿ ಹಿಡಿಯುವ ಕುಣಿಕೆಯಂತೆ ಅದನ್ನ ಕಟ್ಟಿರಬೇಕು. ಇಲ್ಲದಿದ್ದರೆ ಮೇಲಿನ ಗಟ್ಟಿ ಕವಲಿನ ಮೇಲೆ ಹಾಯಿಸಿದ ಹಗ್ಗಕ್ಕೆ ಹತ್ತುವವರ ಬೆಲ್ಟ್ ಸೇರಿರಬೇಕು.

ಸಾಮಾನು: ಏನೇನು, ಎಂಥದ್ದು?

ಸ್ಪರ್ ಕೊಳ್ಳುವ ಮುಂಚೆ ಉಳಿದದ್ದನ್ನ ಕೊಳ್ಳಬೇಕು. ಹಾರ್ಡ್‌ವೇರ್ ಅಂಗಡಿಯವರೂ ಇದನ್ನ ತಿಳಿದಿದ್ದರೆ ಕೇಳಿ ಬಂದವರಿಗೆ ಸರಿಯಾದ್ದು ಕೊಡಬಹುದು.

• ಹೆಲ್ಮೆಟ್: ಕಟ್ಟಡ ಕೆಲಸದ ಹೆಲ್ಮೆಟ್ಟಿಗೆ ಐಎಸ್ 2925 ಗುರುತು ಇರಬೇಕು. ಗಲ್ಲದ ಪಟ್ಟಿ ಇಲ್ಲದ ಹೆಲ್ಮೆಟ್ ಬಗ್ಗಿದ ಕೂಡಲೇ ಬಿದ್ದುಹೋಗುತ್ತೆ, ಅದು ಬೇಡ. ಬೈಕಿನ ಹೆಲ್ಮೆಟ್ಟಿನಲ್ಲಿ ಮೇಲೆ, ಪಕ್ಕ ಸರಿಯಾಗಿ ಕಾಣಿಸೋದಿಲ್ಲ.

• ಬೆಲ್ಟ್, ಹಾರ್ನೆಸ್: ಐಎಸ್ 3521 ಗುರುತು ನೋಡಿ. ಬೆನ್ನಿನ ಮೇಲೆ ಮಾತ್ರ ಕೊಕ್ಕೆ ಇರುವ ಹಾರ್ನೆಸ್ ಬಿದ್ದಾಗ ಹಿಡಿಯಲು ಮಾಡಿದ್ದು. ಅದರಲ್ಲಿ ಮರಕ್ಕೆ ಒರಗಿ ನಿಂತು ಕೆಲಸ ಮಾಡೋಕೆ ಆಗೋದಿಲ್ಲ. ಸೊಂಟದ ಎರಡೂ ಬದಿಯಲ್ಲಿ ಡಿ ಆಕಾರದ ಬಳೆ ಮತ್ತು ತೊಡೆಗೆ ಪಟ್ಟಿ ಇರುವಂಥದ್ದು ಬೇಕು.

• ಹಗ್ಗ: ಟಾರ್ಪಾಲು ಕಟ್ಟುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ ಬೇಡವೇ ಬೇಡ. ಬಿಸಿಲಿಗೆ ಅದರ ನೂಲು ಪುಡಿಯಾಗುತ್ತೆ, ಉಜ್ಜಿದರೆ ಕರಗುತ್ತೆ. ತೆಂಗಿನ ನಾರಿನ ಹಗ್ಗ ಸಣ್ಣ ಕೊಂಬೆ ಇಳಿಸೋಕೆ ಇರಲಿ, ಜೀವಕ್ಕೆ ಬೇಡ. ಮನುಷ್ಯನ ಭಾರಕ್ಕೆ ಅಂತಲೇ ಮಾಡಿದ, 11ರಿಂದ 13 ಮಿ.ಮೀ. ದಪ್ಪದ ಹಗ್ಗ ಬೇಕು.

• ಸುತ್ತುಹಗ್ಗ: ಒಳಗೆ ಉಕ್ಕಿನ ತಂತಿ ಇರುವಂಥದ್ದು ಒಳ್ಳೇದು. ಗರಗಸ ತಪ್ಪಿ ತಾಗಿದರೆ ಬಟ್ಟೆ ಹಗ್ಗ ಒಂದೇ ಕ್ಷಣದಲ್ಲಿ ಹೋಗುತ್ತೆ. ತಂತಿ ಇದ್ದರೆ ಕೈಗರಗಸದ ಏಟನ್ನ ಸ್ವಲ್ಪ ತಡೆದುಕೊಳ್ಳುತ್ತೆ. ಚೈನ್ ಗರಗಸಕ್ಕೆ ಇದೂ ಭರವಸೆ ಅಲ್ಲ.

• ಕೊಕ್ಕೆ: ತಾನೇ ಮುಚ್ಚಿ ಲಾಕ್ ಆಗುವ ಕ್ಯಾರಬಿನರ್ ಬೇಕು. ಅದರ ಮೇಲೆ ‘ಕೆಎನ್’ ಅಂತ ಸಂಖ್ಯೆ ಕೊರೆದಿರುತ್ತಾರೆ. 22 ಕೆಎನ್ ಅಂದ್ರೆ ಸುಮಾರು 2,200 ಕಿಲೋ ಭಾರ. ಕೀ ಬಂಚಿಗೆ ಹಾಕುವ ಅಲಂಕಾರದ ಕೊಕ್ಕೆ ನೋಡಲು ಹಾಗೇ ಇರುತ್ತೆ, ಅದನ್ನ ನಂಬಬಾರದು.

• ಬೂಟು: ಗಟ್ಟಿ ಅಡಿ ಮತ್ತು ಎದ್ದು ಕಾಣುವ ಹಿಮ್ಮಡಿ ಇರುವ, ಕಣಕಾಲು ಮುಚ್ಚುವ ಬೂಟು ಇಲ್ಲದೆ ಸ್ಪರ್ ಕಟ್ಟಲೇಬಾರದು. ಚಪ್ಪಲಿ, ಕ್ಯಾನ್ವಾಸ್ ಶೂ ಎರಡೂ ಆಗಲ್ಲ.

• ಕನ್ನಡಕ, ಕೈಗವಸು: ಗರಗಸದ ಪುಡಿ ಕಣ್ಣಿಗೆ ಬಿದ್ದು ಕೈ ಬಿಟ್ಟು ಉಜ್ಜಿಕೊಳ್ಳುವ ಹೊತ್ತಿಗೇ ಅನಾಹುತ ಆಗುತ್ತೆ.

ಕಾಲು ನೋವು ಬರೋದು ಯಾಕೆ?

ಮೊದಲ ದಿನ ಸ್ಪರ್ ಕಟ್ಟಿದವರಿಗೆ ಹತ್ತು ನಿಮಿಷದಲ್ಲಿ ಮೀನಖಂಡ, ಪಾದದ ಅಡಿ, ಮೊಣಕಾಲಿನ ಒಳಬದಿ ನೋಯುತ್ತೆ. ರೂಢಿ ಆದರೆ ಸರಿಹೋಗುತ್ತೆ ಅಂತ ಸಹಿಸಿಕೊಂಡು ಹೋಗೋದು ತಪ್ಪು. ನೋವು ಬಂದರೆ ಅವಸರ ಬರುತ್ತೆ, ಅವಸರ ಬಂದರೆ ಹೆಜ್ಜೆ ತಪ್ಪುತ್ತೆ. ನೋವಿಗೆ ಬಹುಪಾಲು ಕಾರಣ ಕಟ್ಟಿಕೊಂಡ ರೀತಿ.

ಪಟ್ಟಿಯ ಮೇಲ್ತುದಿ ಮೊಣಕಾಲಿನ ಕೆಳಗೆ ಒಂದೆರಡು ಇಂಚು ತಗ್ಗಿನಲ್ಲಿ ನಿಲ್ಲಬೇಕು. ಅದಕ್ಕಿಂತ ಉದ್ದ ಆದರೆ ಕಾಲು ಮಡಚಿದಾಗಲೆಲ್ಲ ಮೂಳೆಗೆ ಕುಟ್ಟುತ್ತೆ. ತೀರಾ ಗಿಡ್ಡ ಆದರೆ ಮೀನಖಂಡದ ಮಾಂಸಕ್ಕೆ ಒತ್ತುತ್ತೆ. ಒಳ್ಳೇ ಸ್ಪರ್‌ಗಳಲ್ಲಿ ಎತ್ತರ ಹೊಂದಿಸುವ ತಿರುಪು ಇರುತ್ತೆ, ಅದನ್ನ ನೆಲದ ಮೇಲೇ ಸರಿ ಮಾಡಿಕೊಳ್ಳಬೇಕು. ಮೇಲಿನ ಪ್ಯಾಡ್ ಅಗಲವಾಗಿ, ಮೆತ್ತಗೆ ಇರಬೇಕು. ತೆಳು ಪ್ಯಾಡ್ ಇರುವ ಅಗ್ಗದ ಸೆಟ್ ಕೊಂಡವರು ಮಡಚಿದ ಬಟ್ಟೆ ತುರುಕುತ್ತಾರೆ. ಅದು ಅರ್ಧದಲ್ಲಿ ಜಾರಿ, ಕಟ್ಟು ಸಡಿಲ ಆಗುತ್ತೆ.

ಕಣಕಾಲಿನ ಪಟ್ಟಿ ಬಿಗಿ ಇರಲಿ. ಮೊಣಕಾಲಿನ ಕೆಳಗಿನದ್ದು ಒಂದು ಬೆರಳು ಹೋಗುವಷ್ಟು ಇರಲಿ. ರಕ್ತ ಓಡಾಟ ನಿಲ್ಲುವಷ್ಟು ಬಿಗಿದರೆ ಕಾಲು ಜೋಮು ಹಿಡಿಯುತ್ತೆ, ಆಗ ಮುಳ್ಳು ಕೂತಿದೆಯೋ ಇಲ್ಲವೋ ಗೊತ್ತೇ ಆಗೋದಿಲ್ಲ. ಪಾದದ ಅಡಿ ನೋವಿಗೆ ಮದ್ದು ಬೂಟು. ಅಡಿ ಗಟ್ಟಿ ಇಲ್ಲದಿದ್ದರೆ ಇಡೀ ದೇಹದ ಭಾರ ಒಂದು ಇಂಚು ಅಗಲದ ಕಬ್ಬಿಣದ ಮೇಲೆ ಕೂತಹಾಗೆ.

ಮುಳ್ಳು ಚೂಪಾಗಿರಬೇಕು, ಆದರೆ ಸೂಜಿಯಂತೆ ಅಲ್ಲ. ಹರಿತ ಮಾಡಲು ಕೈ ಅರ ಬಳಸಿ. ಗ್ರೈಂಡರ್‌ಗೆ ಹಿಡಿದರೆ ಉಕ್ಕು ಕಾದು ಗಟ್ಟಿತನ ಕಳಕೊಳ್ಳುತ್ತೆ, ತುದಿ ಬೇಗ ಬಾಗುತ್ತೆ. ಮೂಲ ಆಕಾರ ಕೆಡದಂತೆ ಉಜ್ಜಬೇಕು. ಸವೆದು ಗಿಡ್ಡ ಆದ ಮುಳ್ಳನ್ನ ಬದಲಿಸಬೇಕು.

ಕಲಿಯುವ ಕ್ರಮ

ಕಲಿಯೋಕೆ ಕಡಿಯಲು ಗೊತ್ತಾದ ಗಟ್ಟಿ ಮರವೋ, ನೆಲದಲ್ಲಿ ಭದ್ರವಾಗಿ ಹೂತ ಮರದ ಕಂಬವೋ ಬೇಕು. ಜೊತೆಗೆ ಈ ಕೆಲಸ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಇರಲೇಬೇಕು. ಬರೀ ವಿಡಿಯೊ ನೋಡಿ ಒಬ್ಬರೇ ಶುರು ಮಾಡಬಾರದು.

1. ಮೊದಲು ಗಂಟು, ಕೊಕ್ಕೆ, ಬೆಲ್ಟು. ಸ್ಪರ್ ಇಲ್ಲದೆಯೇ ಸುತ್ತುಹಗ್ಗ ಹಾಕಿ, ನೆಲದ ಮೇಲೆ ನಿಂತು ಹಿಂದಕ್ಕೆ ಒರಗಿ ನೋಡಿ. ಬೆಲ್ಟ್ ಭಾರ ಹಿಡಿಯುತ್ತೆ ಅನ್ನೋ ನಂಬಿಕೆ ದೇಹಕ್ಕೆ ಬರಬೇಕು. ಈ ನಂಬಿಕೆ ಬರದವರೇ ಮೇಲೆ ಹೋಗಿ ಮರ ತಬ್ಬಿಕೊಳ್ಳೋದು.

2. ಸ್ಪರ್ ಕಟ್ಟಿ ಒಂದು ಅಡಿ ಎತ್ತರದಲ್ಲಿ ನಿಂತು ಅಭ್ಯಾಸ ಮಾಡಿ. ಕಾಲ್ಬೆರಳು ಸ್ವಲ್ಪ ಮೇಲೆ, ಸ್ವಲ್ಪ ಹೊರಗೆ ಇರಲಿ. ಮೊಣಕಾಲು ಮರದಿಂದ ದೂರ, ಸೊಂಟ ಹಿಂದೆ, ಬೆನ್ನು ನೆಟ್ಟಗೆ. ಒದೆಯೋದು ಬೇಡ, ಮುಳ್ಳನ್ನ ಕೆಳಮುಖವಾಗಿ ಚುಚ್ಚಿ ಅದರ ಮೇಲೆ ಭಾರ ಬಿಡಿ.

3. ಹೆಜ್ಜೆ ಎಂಟು-ಹತ್ತು ಇಂಚು ಸಾಕು. ದೊಡ್ಡ ಹೆಜ್ಜೆ ಇಟ್ಟರೆ ಮೊಣಕಾಲು ಮಡಚಿ ಮರದ ಕಡೆ ಬರುತ್ತೆ. ಮುಳ್ಳು ಬಿಡಿಸಿಕೊಂಡ ಮೇಲೆ ಪಾದ ಎತ್ತಬೇಕು. ಎರಡೂ ಪಾದದ ನಡುವೆ ಅಂತರ ಇರಲಿ. ಕಾಲಿಗೆ ಕಾಲು ತಾಗಿದರೆ ಮುಳ್ಳು ಇನ್ನೊಂದು ಕಾಲನ್ನೇ ಇರಿಯುತ್ತೆ.

4. ಸುತ್ತುಹಗ್ಗ ಮೇಲಕ್ಕೆ ಸರಿಸುವುದು ಪ್ರತ್ಯೇಕ ಅಭ್ಯಾಸ. ಎರಡೂ ಮುಳ್ಳು ಕೂತ ಮೇಲೆ ಸೊಂಟ ಸ್ವಲ್ಪ ಒಳಗೆ ತಂದು ಹಗ್ಗ ಸಡಿಲಿಸಿ, ಎರಡೂ ಕೈಯಿಂದ ಮೇಲಕ್ಕೆ ಹಾರಿಸಿ, ಮತ್ತೆ ಒರಗಬೇಕು. ಹಗ್ಗ ಸೊಂಟಕ್ಕಿಂತ ಕೆಳಗೆ ಉಳಿದರೆ ದೇಹ ಹಿಂದಕ್ಕೆ ಮಗುಚುತ್ತೆ.

5. ಮೊದಲ ಕೆಲವು ದಿನ ಪಾದ ನೆಲದಿಂದ ಮೂರು-ನಾಲ್ಕು ಅಡಿ ದಾಟಬಾರದು. ಮರದ ಸುತ್ತ ತಿರುಗೋದು, ನಿಂತು ಕೈಗರಗಸ ಎಳೆಯೋದು, ಇಳಿಯೋದು ಎಲ್ಲ ಇಲ್ಲೇ ರೂಢಿ ಆಗಬೇಕು.

6. ಇಳಿಯುವುದನ್ನ ಹತ್ತುವುದಕ್ಕಿಂತ ಜಾಸ್ತಿ ಅಭ್ಯಾಸ ಮಾಡಿ. ಸುಸ್ತಾಗಿರುವುದು ಆಗಲೇ, ಕೆಳಗೆ ನೋಡುವುದೂ ಆಗಲೇ. ಸಣ್ಣ ಹೆಜ್ಜೆ, ಪ್ರತಿ ಎರಡು ಹೆಜ್ಜೆಗೆ ಹಗ್ಗ ಕೆಳಗೆ. ಧುಮುಕುವುದು ಬೇಡ. ನೆಲ ಮುಟ್ಟಿದ ಕೂಡಲೇ ಸ್ಪರ್ ಬಿಚ್ಚಬೇಕು, ಅದನ್ನ ಕಟ್ಟಿಕೊಂಡು ಓಡಾಡಬಾರದು.

7. ಎತ್ತರಕ್ಕೆ ಹೋಗುವುದು ಎರಡನೇ ಹಗ್ಗ ಕಲಿತ ಮೇಲೆ ಮಾತ್ರ.

ಅಡ್ಡ ಕೊಂಬೆ ಬಂದಾಗ ಸುತ್ತುಹಗ್ಗ ಬಿಚ್ಚಿ ದಾಟಬೇಕಾಗುತ್ತೆ. ಬಹಳ ಜನ ಅರೆಕ್ಷಣ ತಾನೆ ಅಂತ ಬರಿಗೈಯಲ್ಲಿ ದಾಟುತ್ತಾರೆ. ಸರಿಯಾದ ಕ್ರಮ ಹೀಗೆ: ಎರಡನೇ ಹಗ್ಗವನ್ನ ಕೊಂಬೆಯ ಮೇಲೆ ಮೊದಲು ಹಾಕಿ ಭಾರ ಬಿಟ್ಟು ನೋಡಿ, ಆಮೇಲೆ ಮೊದಲನೆಯದನ್ನ ಬಿಚ್ಚಬೇಕು. ನೆಲ ಬಿಟ್ಟ ಮೇಲೆ ಮತ್ತೆ ನೆಲ ಮುಟ್ಟುವ ತನಕ ಒಂದಾದರೂ ಹಗ್ಗ ಮೈಗೆ ಸೇರಿರಬೇಕು. ಚೈನ್ ಗರಗಸ ಹಿಡಿದರೆ ಎರಡು ಇರಬೇಕು.

ಹಗ್ಗ, ಗಂಟು, ಹಾರ್ನೆಸ್ ಬಳಕೆ ಕಲಿಯಲು ಬೆಟ್ಟ ಹತ್ತುವ ತರಬೇತಿಯೂ ಸಹಾಯ ಮಾಡುತ್ತೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವ ಶಿಬಿರ ನಡೆಸುತ್ತೆ. ಅಲ್ಲಿ ಸ್ಪರ್ ಹೇಳಿಕೊಡೋದಿಲ್ಲ, ಆದರೆ ಹಗ್ಗದ ಮೇಲೆ ನಂಬಿಕೆ ಇಡೋದು, ಕೊಕ್ಕೆಯನ್ನ ಎರಡೆರಡು ಸಲ ಪರೀಕ್ಷಿಸೋದು ಅಲ್ಲಿಯೂ ಇಲ್ಲಿಯೂ ಒಂದೇ.

ಹತ್ತಲೇಬಾರದ ಮರ

ಒಣಗಿ ಬಹಳ ದಿನ ಆದ ಮರವನ್ನ ಕಡಿಯಬೇಕಿದ್ದರೂ ಹತ್ತಬಾರದು. ತೊಗಟೆ ಹಾಳೆಯಂತೆ ಕಿತ್ತು ಬರುತ್ತೆ, ತುದಿ ಮುರಿಯುತ್ತೆ, ಕೆಲವು ಸಲ ಬುಡವೇ ಅಲುಗುತ್ತೆ. ಬುಡದಲ್ಲಿ ಅಣಬೆ ಎದ್ದಿದ್ದರೆ, ಮಣ್ಣು ಬಿರುಕು ಬಿಟ್ಟಿದ್ದರೆ, ಚರಂಡಿ ಕೆಲಸಕ್ಕೆ ಒಂದು ಬದಿಯ ಬೇರು ಕಡಿದಿದ್ದರೆ ಹಿಂದೆ ಸರಿಯಿರಿ. ಅಂಥ ಕಡೆ ಬಕೆಟ್ ಇರುವ ಲಿಫ್ಟ್ ಗಾಡಿಯೋ ಕ್ರೇನೋ ಬೇಕು. ನಗರದ ಕಾಂಕ್ರೀಟ್ ಫುಟ್‌ಪಾತ್ ನಡುವಿನ ಗುಲ್ಮೊಹರ್‌ನಲ್ಲಿ ಬೇರು ಆಳಕ್ಕೆ ಹೋಗಿರೋದಿಲ್ಲ, ಕೊಂಬೆಯೂ ಮೆದು. ಹೊರಗೆ ಹಸಿರಾಗಿ ಕಂಡರೂ ಅನುಮಾನದಿಂದಲೇ ನೋಡಿ.

ವಿದ್ಯುತ್ ತಂತಿ ಇನ್ನೊಂದು. ಕೊಂಬೆ ತಂತಿಗೆ ಹತ್ತು ಅಡಿಯ ಒಳಗಿದ್ದರೆ ಬೆಸ್ಕಾಂನವರು ಲೈನ್ ಆಫ್ ಮಾಡಿ ಖಚಿತಪಡಿಸುವ ತನಕ ಯಾರೂ ಹತ್ತಬಾರದು. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತೆ. ಕಾಲಲ್ಲಿ ಉಕ್ಕು, ಸೊಂಟದಲ್ಲಿ ಉಕ್ಕಿನ ತಂತಿಯ ಹಗ್ಗ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ಬೆಸ್ಕಾಂ ಸಹಾಯವಾಣಿ 1912.

ಹೆಜ್ಜೇನು ಕಟ್ಟಿದ ಮರ, ಮಳೆ ನಿಂತ ಕೂಡಲೇ ಒದ್ದೆ ಇರುವ ಮರ, ಗಾಳಿ ಬೀಸುವ ಹೊತ್ತು, ಸಂಜೆ ಬೆಳಕು ಕಮ್ಮಿ ಆದ ಮೇಲೆ, ಕುಡಿದವರು ಹತ್ತೋದು, ಇವೆಲ್ಲ ಬೇಡ ಅಂತ ಬೇರೆ ಹೇಳಬೇಕಿಲ್ಲ. ಆದರೂ ಇವತ್ತೇ ಮುಗಿಸಿಕೊಡಿ ಅಂತ ಒತ್ತಾಯ ಮಾಡುವವರು ಬಹಳ ಸಲ ಕೆಲಸ ಕೊಟ್ಟವರೇ.

ತೆಂಗು ಹತ್ತುವವರಿಗೆ ತರಬೇತಿ, ವಿಮೆ ಇದೆ

ಕೇಂದ್ರ ಸರ್ಕಾರದ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಅನ್ನೋ ತರಬೇತಿ ಶುರು ಮಾಡಿತು. ಆರು ದಿನದ ಶಿಬಿರದಲ್ಲಿ ಯಂತ್ರದಿಂದ ಹತ್ತೋದು, ಸುರಕ್ಷತೆ, ರೋಗ-ಹುಳು ಗುರುತಿಸೋದು ಹೇಳಿಕೊಡುತ್ತಾರೆ. ಕರ್ನಾಟಕದಲ್ಲೂ ಕೃಷಿ ವಿಜ್ಞಾನ ಕೇಂದ್ರಗಳ ಮೂಲಕ ಈ ಶಿಬಿರಗಳು ನಡೆದಿವೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿದೆ.

ತೆಂಗು ಹತ್ತುವವರಿಗೆ, ನೀರಾ ಇಳಿಸುವವರಿಗೆ ‘ಕೇರ ಸುರಕ್ಷಾ’ ಅನ್ನೋ ಅಪಘಾತ ವಿಮೆಯೂ ಇದೆ. ಪ್ರೀಮಿಯಂನ ದೊಡ್ಡ ಪಾಲು ಮಂಡಳಿ ಕಟ್ಟುತ್ತೆ, ಉಳಿದ ಸಣ್ಣ ಪಾಲು ಹತ್ತುವವರದ್ದು. ವರ್ಷವಿಡೀ ಒಬ್ಬರ ಕೈಯಲ್ಲೇ ಕಾಯಿ ಕೀಳಿಸುವ ಮನೆಯವರು, ಎಳನೀರು ವ್ಯಾಪಾರಿಗಳು ಆ ಸಣ್ಣ ಪಾಲನ್ನ ತಾವೇ ಕಟ್ಟಿಕೊಟ್ಟರೆ ಜೇಬಿಗೆ ದೊಡ್ಡ ಹೊರೆ ಏನಿಲ್ಲ.

ಕೂಲಿ ಮಾತಾಡುವ ಮುಂಚೆ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ನಿಮ್ಮ ಸ್ವಂತ ಜಾಗದ ಮರ ಆದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ರಸ್ತೆ ಬದಿಯ ಮರ ಪಾಲಿಕೆಯದ್ದು. ಅಂಗಡಿ ಮುಂದೆ ಇದೆ ಅಂತ ಅದಕ್ಕೆ ಕೈ ಹಾಕುವ ಹಾಗಿಲ್ಲ. ಅಪಾಯದ ಮರ, ಒಣಕೊಂಬೆ ಬಗ್ಗೆ ಸಹಾಯವಾಣಿ 1533ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಮರದ ಫೋಟೊ ತೆಗೆದಿಡಿ.

ಕೆಲಸಕ್ಕೆ ಬಂದವರ ಹತ್ತಿರ ಹೆಲ್ಮೆಟ್, ಬೆಲ್ಟ್, ಎರಡು ಹಗ್ಗ ಇದೆಯಾ ನೋಡಿ. ಬೇಕಾದರೆ ಹತ್ತಿ ಇಳಿಸುವ ಶಕ್ತಿ ಇರುವ ಇನ್ನೊಬ್ಬರು ಕೆಳಗೆ ಇದ್ದಾರಾ ಕೇಳಿ. ಉಳಿಸಿಕೊಳ್ಳುವ ಮರಕ್ಕೆ ಸ್ಪರ್ ಕಟ್ಟಲು ಹೊರಟರೆ ತಡೆಯಿರಿ. ಮರದ ಎತ್ತರದ ಒಂದೂವರೆ ಪಟ್ಟು ದೂರಕ್ಕೆ ಹಗ್ಗ ಕಟ್ಟಿ ಜನ, ಗಾಡಿ ತಡೆಯಿರಿ. ಕೊಂಬೆ ಬೀಳುವ ಹೊತ್ತಿಗೆ ಶಾಲೆ ಬಿಡುವ ಸಮಯ ಆಗಿರಬಾರದು. ಇಷ್ಟು ಸಾಮಾನು, ಇಷ್ಟು ಜನ ಇಟ್ಟುಕೊಂಡವರು ಕೂಲಿ ಜಾಸ್ತಿ ಕೇಳುತ್ತಾರೆ. ಕಮ್ಮಿಗೆ ಬರುವವರು ಉಳಿಸೋದು ಹಗ್ಗದ ದುಡ್ಡು, ಕೆಳಗೆ ನಿಲ್ಲುವ ಆಳಿನ ದುಡ್ಡು.

ಅನಾಹುತ ಆದರೆ

ಬಿದ್ದವರನ್ನ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ, ಆಟೋದಲ್ಲಿ ಮಡಚಿ ಹಾಕಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಎತ್ತುವಾಗ ಆಗುವ ಅಲುಗಾಟದಿಂದಲೇ ಕಾಲಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ತಲೆ, ಕುತ್ತಿಗೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು 108ಕ್ಕೆ ಫೋನ್ ಮಾಡಿ. ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಕರೆಂಟ್ ಹೊಡೆದಿದ್ದರೆ ಲೈನ್ ಆಫ್ ಆಗುವ ತನಕ ಮುಟ್ಟಬೇಡಿ.

ಪ್ರಜ್ಞೆ ತಪ್ಪಿ ಬೆಲ್ಟಿನಲ್ಲಿ ನೇತಾಡುತ್ತಿದ್ದರೆ ಕೆಲವೇ ನಿಮಿಷದಲ್ಲಿ ಇಳಿಸಬೇಕು. ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಜೀವಕ್ಕೇ ಅಪಾಯ. ಅಗ್ನಿಶಾಮಕ ದಳಕ್ಕೆ 101 ಅಥವಾ 112ಕ್ಕೆ ಕರೆ ಮಾಡಿ. ಅವರು ಬರುವ ಮುಂಚೆಯೇ ಇಳಿಸೋಕೆ ಆಗಬೇಕು ಅಂದ್ರೆ ಕೆಳಗೆ ಇರುವ ಎರಡನೇ ಆಳಿಗೆ ಹಗ್ಗದ ಕೆಲಸ ಗೊತ್ತಿರಬೇಕು, ಅವರ ಮೈಮೇಲೂ ಬೆಲ್ಟ್ ಇರಬೇಕು. ಕೆಲಸ ಶುರು ಮಾಡುವ ಮುಂಚೆ ಮನೆಯವರು, ಅಂಗಡಿಯವರು ಇದೊಂದನ್ನ ತಪ್ಪದೆ ವಿಚಾರಿಸಿಕೊಳ್ಳಬೇಕು.